ಡಯಾಲಿಸಿಸ್ ರೋಗಿಯ ಚಳಿಜ್ವರವನ್ನು ಮಳೆಗಾಲದ ಜ್ವರವೆಂದು ಮನೆಗೆ ಕಳುಹಿಸಬೇಡಿ

ಕೊಡಗಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಜಿಲ್ಲೆಯಲ್ಲಿ ಡಯಾಲಿಸಿಸ್ ಘಟಕಗಳನ್ನು ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರಗಳು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಈ ಸಲದ ಮುಂಗಾರು ಹಿಡಿಯುವುದರೊಳಗೆ ಜಿಲ್ಲೆಯ ಪ್ರತಿಯೊಂದು ಡಯಾಲಿಸಿಸ್ ಘಟಕದ ಕಪಾಟಿನಲ್ಲಿ ರಕ್ತದ ಕಲ್ಚರ್ ಬಾಟಲಿಗಳಿರಬೇಕು, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯ ಬಾಟಲಿಗಳು. ಡಯಾಲಿಸಿಸ್ ರೋಗಿಗೆ ಚಳಿಜ್ವರ ಬಂದರೆ ಆಂಟಿಬಯೋಟಿಕ್‌ನ ಮೊದಲ ಇಂಜೆಕ್ಷನ್ ಕೊಡುವ ಮುಂಚೆ ಆ ಬಾಟಲಿಗಳಿಗೆ ರಕ್ತ ತುಂಬಬೇಕು. ಅವು ಅದೇ ದಿನ ಪ್ರಯೋಗಾಲಯ ತಲುಪಬೇಕು. ಆ ಮೇಲೆ ಕೊಡುವ ಔಷಧಿ ಯಾವುದು, ಎಷ್ಟು, ಡಯಾಲಿಸಿಸ್‌ಗೆ ಮುಂಚೆಯೋ ನಂತರವೋ ಎಂಬುದನ್ನು ರೋಗಿಯ ಪುಸ್ತಕದಲ್ಲಿ ಬರೆಯಬೇಕು. ಹೊಸ ಕಟ್ಟಡವನ್ನಾಗಲಿ ಹೊಸ ಯಂತ್ರವನ್ನಾಗಲಿ ನಾನು ಕೇಳುತ್ತಿಲ್ಲ.

ನಾನು ಸೋಮವಾರಪೇಟೆ ತಾಲ್ಲೂಕಿನವಳು. ಹೊರಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು, ನಿವೃತ್ತಳಾದ ಮೇಲೆ ಊರಿಗೆ ಮರಳಿದ್ದೇನೆ. ನನ್ನ ಅಣ್ಣ ಸಣ್ಣ ಕಾಫಿ ಬೆಳೆಗಾರ. ಸಕ್ಕರೆ ಕಾಯಿಲೆಯಿಂದ ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ, ಡಯಾಲಿಸಿಸ್ ಮೇಲೆ ಬದುಕಿದ್ದಾನೆ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಬಳಿಕ ತಾಲ್ಲೂಕು ಮಟ್ಟದಲ್ಲಿಯೂ ಯಂತ್ರಗಳು ಬಂದವು, ಬಡವರಿಗೆ ಉಚಿತವಾಗಿ ಡಯಾಲಿಸಿಸ್ ಸಿಗುವಂತಾಯಿತು. ಅದಿಲ್ಲದೆ ಹೋಗಿದ್ದರೆ ತೋಟದ ಲೈನ್‌ಮನೆಯಲ್ಲಿರುವ ಎಷ್ಟೋ ಕಾರ್ಮಿಕರು ಇಂದು ನಮ್ಮೊಂದಿಗೆ ಇರುತ್ತಿರಲಿಲ್ಲ. ಆ ಕೃತಜ್ಞತೆ ನನ್ನಲ್ಲಿ ಇದೆ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಜೀವಗಳನ್ನು ಒಂದು ಸೋಂಕು ಒಯ್ಯುವುದನ್ನು ನೋಡಲಾರದೆ ಬರೆಯುತ್ತಿದ್ದೇನೆ.

ಡಯಾಲಿಸಿಸ್ ರೋಗಿಗಳ ಸಾವಿಗೆ ಹೃದಯದ ಕಾಯಿಲೆಯ ನಂತರದ ದೊಡ್ಡ ಕಾರಣ ಸೋಂಕು. ಕಾರಣ ಗೂಢವೇನಲ್ಲ. ಮೂತ್ರಪಿಂಡ ಸೋತ ದೇಹದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಅದರ ಮೇಲೆ ವಾರಕ್ಕೆ ಎರಡು ಮೂರು ಸಲ ರಕ್ತನಾಳದ ಬಾಗಿಲು ತೆರೆಯಬೇಕು. ಕೈಯಲ್ಲಿ ಫಿಸ್ಟುಲಾ, ಅಂದರೆ ಶಸ್ತ್ರಚಿಕಿತ್ಸೆಯಿಂದ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ, ಇದ್ದವರಿಗೆ ಅಪಾಯ ಕಡಿಮೆ. ಕುತ್ತಿಗೆಯಲ್ಲಿ ಕ್ಯಾತೆಟರ್ ಇದ್ದವರಿಗೆ, ಅಂದರೆ ನಮ್ಮ ರೋಗಿಗಳು 'ಕುತ್ತಿಗೆ ಪೈಪು' ಎನ್ನುವುದನ್ನು ಹಾಕಿಸಿಕೊಂಡವರಿಗೆ, ಅಪಾಯ ಹಲವು ಪಟ್ಟು ಹೆಚ್ಚು. ಆ ಪೈಪಿನ ಒಂದು ತುದಿ ಹೊರಗಿನ ಗಾಳಿಯಲ್ಲಿದೆ, ಇನ್ನೊಂದು ತುದಿ ಹೃದಯದ ಬಳಿಯಲ್ಲಿದೆ. ಚರ್ಮದ ಮೇಲೆ ಸದಾ ವಾಸಿಸುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಪೈಪಿನೊಳಗೆ ಪಾಚಿಯಂತೆ ಪದರ ಕಟ್ಟಿಕೊಳ್ಳುತ್ತವೆ. ಯಂತ್ರ ಚಾಲೂ ಆಗಿ ರಕ್ತ ರಭಸದಿಂದ ಹರಿಯತೊಡಗಿದಾಗ ಅವು ಕಿತ್ತುಕೊಂಡು ರಕ್ತಕ್ಕೆ ಸೇರುತ್ತವೆ. ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ರೋಗಿ ಗಡಗಡ ನಡುಗುವುದು ಇದರಿಂದಲೇ.

ನನ್ನ ಅಣ್ಣನಿಗೂ ಆದದ್ದು ಅದೇ. ಆಟಿಯ ಮಳೆ ಹೊಯ್ಯುತ್ತಿದ್ದ ದಿನ. ಹಲ್ಲು ಕಟಕಟಿಸುವ ನಡುಕ. ಅತ್ತಿಗೆ ಹೊದಿಸಿದ ಎರಡು ಕಂಬಳಿಯೂ ಸಾಲದೆ ಮಂಚವೇ ಅಲುಗುತ್ತಿತ್ತಂತೆ. ಘಟಕದವರು ನಡುಕ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟರು, ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟರು, ಡಯಾಲಿಸಿಸ್ ಬೇಗ ಮುಗಿಸಿದರು. ಮಳೆಗಾಲ, ಎಲ್ಲರಿಗೂ ವೈರಲ್ ಎಂದು ಹೇಳಿ ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಕುತ್ತಿಗೆ ಪೈಪಿನ ಸೋಂಕಿಗೆ ಬಹುಮಟ್ಟಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಮೇಲೆ ಸೆಫಿಕ್ಸಿಮ್ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಮುಂದಿನ ಡಯಾಲಿಸಿಸ್‌ನಲ್ಲಿ ಮತ್ತೆ ನಡುಕ. ಈ ಸಲ ಖಾಸಗಿ ವೈದ್ಯರೊಬ್ಬರು ಕೆಲವು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಕೆಲವು ವಾರಗಳಲ್ಲಿ ಸೊಂಟನೋವು ಶುರುವಾಯಿತು. ತೋಟದಲ್ಲಿ ಜಾರಿರಬೇಕು ಎಂದು ಎಣ್ಣೆ ಹಚ್ಚಿದ್ದಾಯಿತು. ಹಾಸಿಗೆಯಿಂದ ಏಳಲಾರದಾದಾಗ ಮೈಸೂರಿಗೆ ಒಯ್ದೆವು. ಎಂಆರ್‌ಐಯಲ್ಲಿ ಬೆನ್ನುಮೂಳೆಗೆ ಸೋಂಕು ಇಳಿದಿರುವುದು ಕಂಡಿತು.

ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: ಚಳಿಜ್ವರ ಬಂದಾಗ ರಕ್ತದ ಕಲ್ಚರ್ ಮಾಡಿಸಿದ್ದಿರಾ? ಮಾಡಿಸಿರಲಿಲ್ಲ, ಏಕೆಂದರೆ ಯಾರೂ ಮಾಡಿರಲಿಲ್ಲ. ಅವರು ಮಾಡಿಸಿದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಅರೆಬರೆ ಆಂಟಿಬಯೋಟಿಕ್ ಬಿದ್ದಿದ್ದರಿಂದ ರಕ್ತದಲ್ಲಿ ಬ್ಯಾಕ್ಟೀರಿಯಾದ ಸುಳಿವು ಅಳಿಸಿಹೋಗಿತ್ತು, ಮೂಳೆಯಲ್ಲಿ ಮಾತ್ರ ಅದು ಕುಳಿತಿತ್ತು. ಶತ್ರು ಯಾರೆಂದು ತಿಳಿಯದ ಕಾರಣ ಎರಡು ಪ್ರಬಲ ಔಷಧಿಗಳನ್ನು ಒಟ್ಟಿಗೆ ವಾರಗಟ್ಟಲೆ ಕೊಡಬೇಕಾಯಿತು. ಅಣ್ಣ ಬದುಕಿದ. ಈಗ ಊರುಗೋಲಿನ ಮೇಲೆ ನಡೆಯುತ್ತಾನೆ.

ಆ ಘಟಕದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ನೆನೆದುಕೊಂಡು ಬೆಳಗಿನ ಪಾಳಿಗೆ ಬರುವ ಅವರು ರೋಗಿಗಳನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ. ಅವರ ಕೈಗೆ ಬಾಟಲಿ ಕೊಟ್ಟವರಿಲ್ಲ, ಬಾಟಲಿ ಇದ್ದರೂ ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ಹೇಳಿದವರಿಲ್ಲ. ನನ್ನ ಸಿಟ್ಟು ಇರುವುದು ಆ ಕೊರತೆಯ ಮೇಲೆ, ಮತ್ತು ಅದನ್ನು ಕೊರತೆಯೆಂದೇ ಎಣಿಸದ ನಮ್ಮ ಅಭ್ಯಾಸದ ಮೇಲೆ.

ರಕ್ತದ ಕಲ್ಚರ್ ಎಂದರೆ ದೊಡ್ಡ ವಿದ್ಯೆಯಲ್ಲ. ಎರಡು ಜಾಗದಿಂದ ರಕ್ತ ತೆಗೆಯಬೇಕು, ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್. ಡಯಾಲಿಸಿಸ್ ರೋಗಿಗೆ ಇದು ಇನ್ನೂ ಸುಲಭ. ಒಂದು ಮಾದರಿಯನ್ನು ಕ್ಯಾತೆಟರ್‌ನಿಂದಲೂ ಇನ್ನೊಂದನ್ನು ಯಂತ್ರದ ರಕ್ತದ ಕೊಳವೆಯಿಂದಲೂ ತೆಗೆಯಬಹುದು, ಮುಂದೆ ಫಿಸ್ಟುಲಾಕ್ಕೆ ಬೇಕಾಗುವ ಕೈಯ ರಕ್ತನಾಳಗಳನ್ನು ಚುಚ್ಚಿ ಹಾಳುಮಾಡಬೇಕಾಗಿಲ್ಲ. ಕ್ಯಾತೆಟರ್‌ನ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಬೇಕು, ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು. ತುಂಬಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ರಕ್ತವೆಂದ ಕೂಡಲೇ ಫ್ರಿಜ್ ಬಾಗಿಲು ತೆಗೆಯುವ ರೂಢಿ ನಮ್ಮಲ್ಲಿದೆ. ತಂಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋದರೆ ಪರೀಕ್ಷೆಯೇ ವ್ಯರ್ಥ.

ಬಾಟಲಿ ಎಲ್ಲಿಗೆ ಹೋಗಬೇಕು? ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ಮೈಕ್ರೋಬಯಾಲಜಿ ವಿಭಾಗವಿದೆ. ವಿರಾಜಪೇಟೆಯಿಂದಾಗಲಿ ಕುಶಾಲನಗರದಿಂದಾಗಲಿ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಸೋಮವಾರಪೇಟೆಯಿಂದ ಇನ್ನಷ್ಟು. ದಿನವೂ ಓಡಾಡುವ ಇಲಾಖೆಯ ವಾಹನಗಳಿವೆ, ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಒಂದು ಪೆಟ್ಟಿಗೆ, ಅದರ ಮೇಲೊಂದು ಚೀಟಿ, ಮಡಿಕೇರಿಯಲ್ಲಿ ಇಳಿಸಿಕೊಳ್ಳಲು ಒಬ್ಬ ಸಿಬ್ಬಂದಿ, ಇಷ್ಟಕ್ಕೆ ಜಿಲ್ಲಾಡಳಿತದ ಒಂದು ಆದೇಶ ಸಾಕು. ಬಹುತೇಕ ಬ್ಯಾಕ್ಟೀರಿಯಾಗಳು ಎರಡು ದಿನಗಳೊಳಗೆ ಬೆಳೆದು ಕಾಣಿಸಿಕೊಳ್ಳುತ್ತವೆ. ಯಾವ ಔಷಧಿಗೆ ಬಗ್ಗುತ್ತವೆ ಎಂಬ ವರದಿ ಅದರ ಬೆನ್ನಲ್ಲೇ ಬರುತ್ತದೆ. ವರದಿ ಕಾಗದವಾಗಿ ಕಡತದಲ್ಲಿ ಕೂರದೆ ಘಟಕದ ಫೋನಿಗೆ ಬರಬೇಕು. ಮಳೆಗಾಲದಲ್ಲಿ ದಾರಿ ಕಟ್ಟಾಗುತ್ತದೆ ಎಂದು ಯಾರಾದರೂ ಹೇಳಬಹುದು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡವರಿಗೆ ಆ ಮಾತಿನ ತೂಕ ಗೊತ್ತು. ಆದ್ದರಿಂದಲೇ ಮುಂಗಾರಿಗೆ ಮುನ್ನ ವ್ಯವಸ್ಥೆ ಆಗಬೇಕೆನ್ನುತ್ತಿದ್ದೇನೆ. ಮೈಸೂರಿಗೂ ಮಂಗಳೂರಿಗೂ ದಾರಿ ಇಲ್ಲದ ದಿನ ರೋಗಿಯನ್ನು ಇಲ್ಲಿಯೇ ಉಳಿಸಿಕೊಳ್ಳಬೇಕಾದವರು ನಾವೇ ಅಲ್ಲವೇ?

ಕಲ್ಚರ್‌ಗೆ ರಕ್ತ ತೆಗೆದ ಮೇಲೆ ವರದಿ ಬರುವತನಕ ಕೈಕಟ್ಟಿ ಕೂರಬೇಕೆಂದಲ್ಲ. ತಕ್ಷಣ ಚಿಕಿತ್ಸೆ ಶುರುವಾಗಬೇಕು. ಸಾಮಾನ್ಯವಾಗಿ ಸ್ಟ್ಯಾಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್, ಅದರ ಜೊತೆಗೆ ಗ್ರಾಂ ನೆಗೆಟಿವ್ ಎಂಬ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾಗಳಿಗಾಗಿ ಇನ್ನೊಂದು ಔಷಧಿ ಎಂದು ಆರಂಭಿಸುತ್ತಾರೆ. ವರದಿಯ ಬೆಲೆ ಗೊತ್ತಾಗುವುದು ಆ ಮೇಲೆ. ಬೆಳೆದದ್ದು ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ ಎಂದು ತಿಳಿದರೆ ವ್ಯಾಂಕೊಮೈಸಿನ್ ನಿಲ್ಲಿಸಿ ಸೆಫಾಜೋಲಿನ್‌ಗೆ ಬದಲಾಯಿಸಬೇಕು. ಸೆಫಾಜೋಲಿನ್ ಹಳೆಯ ಔಷಧಿ, ಅಗ್ಗದ ಔಷಧಿ, ಆ ಬ್ಯಾಕ್ಟೀರಿಯಾದ ಮಟ್ಟಿಗೆ ವ್ಯಾಂಕೊಮೈಸಿನ್‌ಗಿಂತ ಉತ್ತಮವಾದ ಔಷಧಿ. ಕಲ್ಚರ್ ಇಲ್ಲದಿದ್ದರೆ ಈ ಬದಲಾವಣೆ ಮಾಡುವ ಧೈರ್ಯ ಯಾವ ವೈದ್ಯರಿಗೂ ಬರುವುದಿಲ್ಲ. ದುಬಾರಿ ಔಷಧಿಯೇ ಮುಂದುವರಿಯುತ್ತದೆ.

ಇಲ್ಲಿ ಕೊಡಗಿನಂಥ ಜಿಲ್ಲೆಗೆ ವರವಾಗಬಲ್ಲ ಒಂದು ಸಂಗತಿ ಇದೆ. ಮೂತ್ರಪಿಂಡ ಕೆಲಸ ಮಾಡದವರ ದೇಹದಲ್ಲಿ ವ್ಯಾಂಕೊಮೈಸಿನ್, ಸೆಫಾಜೋಲಿನ್‌ನಂಥ ಔಷಧಿಗಳು ದಿನಗಟ್ಟಲೆ ನಿಲ್ಲುತ್ತವೆ. ಆರೋಗ್ಯವಂತರಿಗೆ ದಿನಕ್ಕೆ ಎರಡು ಮೂರು ಬಾರಿ ಕೊಡಬೇಕಾದದ್ದನ್ನು ಇವರಿಗೆ ಡಯಾಲಿಸಿಸ್ ದಿನ ಮಾತ್ರ ಕೊಟ್ಟರೆ ಸಾಕು. ಸೆಫಾಜೋಲಿನ್ ಆದರೆ ಪ್ರತಿ ಡಯಾಲಿಸಿಸ್ ಮುಗಿದ ಮೇಲೆ 2 ಗ್ರಾಂ, ಮುಂದಿನ ಡಯಾಲಿಸಿಸ್‌ಗೆ ಮೂರು ದಿನದ ಅಂತರವಿದ್ದರೆ 3 ಗ್ರಾಂ ಕೊಡುವುದು ಜಗತ್ತಿನೆಲ್ಲೆಡೆ ಇರುವ ರೂಢಿ. ವ್ಯಾಂಕೊಮೈಸಿನ್‌ಗೆ ತೂಕ ನೋಡಿ ಮೊದಲ ದೊಡ್ಡ ಡೋಸು, ಆ ಮೇಲೆ ಡಯಾಲಿಸಿಸ್‌ಗೆ ಮುಂಚೆ ರಕ್ತದಲ್ಲಿನ ಮಟ್ಟ ನೋಡಿಕೊಂಡು ಮುಂದಿನದು. ಭಾಗಮಂಡಲದ ಆಚೆಯಿಂದಲೋ ಕರಿಕೆಯಿಂದಲೋ ಬರುವ ರೋಗಿ ನಾಲ್ಕಾರು ವಾರ ಮೈಸೂರಿನಲ್ಲಿ ಮಲಗಬೇಕಾಗಿಲ್ಲ, ಮನೆಯವರು ಕೂಲಿ ಬಿಟ್ಟು ಆಸ್ಪತ್ರೆಯ ಜಗಲಿಯಲ್ಲಿ ಕಾಯಬೇಕಾಗಿಲ್ಲ. ಹೇಗೂ ಬರುವ ದಿನ, ಅದೇ ಘಟಕದಲ್ಲಿ, ಅದೇ ಕೊಳವೆಯ ಮೂಲಕ ಇಂಜೆಕ್ಷನ್ ಮುಗಿಯುತ್ತದೆ. ಒಂದು ಎಚ್ಚರಿಕೆ: ಈ ಲೆಕ್ಕವೆಲ್ಲ ವಾರಕ್ಕೆ ಮೂರು ಡಯಾಲಿಸಿಸ್ ಆಗುವವರಿಗೆ. ನಮ್ಮಲ್ಲಿ ವಾರಕ್ಕೆ ಎರಡೇ ಆಗುವವರು ಬಹಳ. ಅವರ ಡೋಸನ್ನು ಮೂತ್ರಪಿಂಡ ತಜ್ಞರು ಬೇರೆಯಾಗಿ ನಿರ್ಧರಿಸಬೇಕು. ದೂರವಾಣಿಯಲ್ಲಿ ಕೇಳಲು ಒಬ್ಬ ತಜ್ಞರನ್ನು ಜಿಲ್ಲೆಗೆಂದು ಗೊತ್ತುಮಾಡಿಕೊಡಿ.

ಔಷಧಿಗಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಪೈಪಿನದು. ಸೋಂಕಿಗೆ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಅಥವಾ ಶಿಲೀಂಧ್ರ ಎಂದಾದರೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಆ ಕ್ಯಾತೆಟರ್ ತೆಗೆಯದೆ ಗತಿಯಿಲ್ಲ. ಪೈಪು ಉಳಿಸಿಕೊಂಡು ಇಂಜೆಕ್ಷನ್ ಹಾಕಿದರೆ ಜ್ವರ ಇಳಿಯುತ್ತದೆ, ಕೋರ್ಸ್ ಮುಗಿದ ಮೇಲೆ ಮರಳಿ ಬರುತ್ತದೆ. ಅಷ್ಟರಲ್ಲಿ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಸೋಂಕು ತಲುಪಿರಬಹುದು. ಆರಿಯಸ್ ರಕ್ತದಲ್ಲಿ ಸಿಕ್ಕರೆ ಚಿಕಿತ್ಸೆ ನಾಲ್ಕರಿಂದ ಆರು ವಾರ, ಮೂಳೆಗೆ ಇಳಿದಿದ್ದರೆ ಆರರಿಂದ ಎಂಟು ವಾರ. ಜ್ವರ ಬಿಟ್ಟಿತು ಎಂದು ಐದನೆಯ ದಿನಕ್ಕೆ ನಿಲ್ಲಿಸುವ ಕಾಯಿಲೆ ಇದಲ್ಲ.

ಕಡಿಮೆ ಔಷಧಿಯಿಂದ ಆಗುವ ಅನಾಹುತದಷ್ಟೇ ಹೆಚ್ಚಿನ ಔಷಧಿಯಿಂದಲೂ ಆಗುತ್ತದೆ. ಅಣ್ಣನ ಪಕ್ಕದ ಮಂಚದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಬೇರೊಂದು ಕಡೆ ನ್ಯುಮೋನಿಯಾಕ್ಕೆ ಸೆಫಿಪಿಮ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರು, ಮೂತ್ರಪಿಂಡ ಸರಿ ಇರುವವರಿಗೆ ಕೊಡುವ ಪ್ರಮಾಣದಲ್ಲಿ. ಮೂರ್ನಾಲ್ಕು ದಿನಕ್ಕೆ ಅವರು ಮಗನ ಹೆಸರು ಮರೆತರು, ಹೊದಿಕೆಯ ಅಂಚನ್ನು ಬೆರಳಿನಿಂದ ಹೆಕ್ಕತೊಡಗಿದರು, ಕೈ ಆಗಾಗ ತಾನಾಗಿ ಎಗರುತ್ತಿತ್ತು. ಮೆದುಳಿಗೆ ಏನೋ ಆಗಿದೆ, ಇನ್ನು ಮನೆಗೆ ಕರೆದೊಯ್ಯಿರಿ ಎಂಬ ಮಾತೂ ಬಂತು. ಔಷಧಿಯ ಚೀಟಿ ನೋಡಿದ ವೈದ್ಯೆಯೊಬ್ಬರು ಅದನ್ನು ನಿಲ್ಲಿಸಿ ಡಯಾಲಿಸಿಸ್ ಮಾಡಿಸಿದರು. ಆ ಹಿರಿಯರು ಎದ್ದು ಕೂತು ಗಂಜಿ ಕೇಳಿದರು. ಸೆಫಿಪಿಮ್ ಮೆದುಳಿಗೆ ಹೀಗೆ ತೊಂದರೆ ಕೊಡುತ್ತದೆಂದು, ಮೂತ್ರಪಿಂಡದ ತೊಂದರೆ ಇರುವವರಿಗೆ ಡೋಸ್ ಇಳಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿದೆ. ಜೆಂಟಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕಿವಿಯನ್ನೂ ಸಮತೋಲವನ್ನೂ ಕೆಡಿಸಬಲ್ಲದು. ದಿನಕ್ಕೆ ಒಂದು ಲೋಟದಷ್ಟಾದರೂ ಮೂತ್ರ ಹೋಗುತ್ತಿರುವ ರೋಗಿಯ ಉಳಿದ ಚೂರು ಮೂತ್ರಪಿಂಡವನ್ನೂ ಅದು ನುಂಗಬಲ್ಲದು. ಆ ಒಂದು ಲೋಟದ ಬೆಲೆ ನೀರು ಅಳೆದು ಕುಡಿಯುವವರಿಗೇ ಗೊತ್ತು.

ಔಷಧಿ ಅಂಗಡಿಯವರಿಗೂ ಒಂದು ಮಾತು. ಉರಿಮೂತ್ರವೆಂದು ಬರುವ ಡಯಾಲಿಸಿಸ್ ರೋಗಿಗೆ ನೈಟ್ರೊಫ್ಯುರಾಂಟಾಯಿನ್ ಕೊಡಬೇಡಿ. ಮೂತ್ರಪಿಂಡ ಸೋತವರಲ್ಲಿ ಅದು ಮೂತ್ರಕ್ಕೆ ತಲುಪುವುದಿಲ್ಲ, ನರಗಳಿಗೆ ಮಾತ್ರ ಹಾನಿ ಮಾಡುತ್ತದೆ. ಲಿವೊಫ್ಲಾಕ್ಸಾಸಿನ್ ಬೇರೆಯವರಿಗೆ ದಿನಕ್ಕೊಂದು, ಇವರಿಗೆ ಮೊದಲ ಡೋಸಿನ ನಂತರ ಪ್ರಮಾಣ ಇಳಿಸಿ ಎರಡು ದಿನಕ್ಕೊಂದು. ಇವರೆಲ್ಲ ಊಟದೊಂದಿಗೆ ನುಂಗುವ ಕ್ಯಾಲ್ಸಿಯಂ ಮಾತ್ರೆ ಲಿವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಆಂಟಿಬಯೋಟಿಕ್ ರಕ್ತಕ್ಕೆ ಸೇರುವುದೇ ಕಡಿಮೆ, ಕ್ಯಾಲ್ಸಿಯಂಗಿಂತ ಕನಿಷ್ಠ ಎರಡು ಗಂಟೆ ಮುಂಚೆ ಆಂಟಿಬಯೋಟಿಕ್ ನುಂಗಬೇಕು. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಎರಡೂ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಸಂತೆಯ ದಿನ ನೂಕುನುಗ್ಗಲಿನಲ್ಲಿ ಆ ಪುಸ್ತಕ ತೆರೆಯುವವರು ಎಷ್ಟು ಮಂದಿ? ಔಷಧ ನಿಯಂತ್ರಣಾಧಿಕಾರಿಗಳು ನೋಡಬೇಕು.

ರೋಗಿಯ ಪುಸ್ತಕದ ವಿಚಾರ. ಈಗ ಆ ಪುಸ್ತಕದಲ್ಲಿ ತೂಕ, ರಕ್ತದೊತ್ತಡ, ತೆಗೆದ ನೀರಿನ ಪ್ರಮಾಣ ಇರುತ್ತವೆ. ಅದರಲ್ಲೊಂದು ಪುಟವನ್ನು ಸೋಂಕಿಗೆಂದು ಮೀಸಲಿಡಿ. ಚಳಿಜ್ವರ ಬಂದ ದಿನಾಂಕ, ಕಲ್ಚರ್ ತೆಗೆದದ್ದು, ಬೆಳೆದ ಬ್ಯಾಕ್ಟೀರಿಯಾ, ಔಷಧಿ, ಡೋಸ್, ಮುಗಿಯುವ ದಿನ, ಹಿಂದೆ ಯಾವ ಔಷಧಿಗೆ ಅಲರ್ಜಿ ಆಗಿತ್ತು. ರೋಗಿ ಮಡಿಕೇರಿಗೆ ಹೋಗಲಿ, ಮೈಸೂರಿಗೆ ಹೋಗಲಿ, ಗಡಿ ದಾಟಿ ಕಣ್ಣೂರಿಗೆ ಹೋಗಲಿ, ಮುಂದಿನ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುವುದಿಲ್ಲ.

ಸೋಂಕು ಬರದಂತೆ ನೋಡಿಕೊಳ್ಳುವುದಕ್ಕೆ ದೊಡ್ಡ ದಾರಿ ಫಿಸ್ಟುಲಾ. ಕುತ್ತಿಗೆಗೆ ತುರ್ತಿನಲ್ಲಿ ಹಾಕುವ ತಾತ್ಕಾಲಿಕ ಪೈಪು ಎರಡು ವಾರ ಮೀರಬಾರದು ಎನ್ನುತ್ತವೆ ಮಾರ್ಗಸೂಚಿಗಳು. ತಿಂಗಳುಗಟ್ಟಲೆ ಅದರ ಮೇಲೆಯೇ ನಡೆಸುತ್ತಿರುವವರನ್ನು ನಾನು ಕಂಡಿದ್ದೇನೆ. ಫಿಸ್ಟುಲಾ ಮಾಡಿಸಿದ ಮೇಲೂ ಅದು ಬಲಿಯಲು ವಾರಗಳು ಬೇಕು, ಅದಕ್ಕಾಗಿ ಡಯಾಲಿಸಿಸ್ ಶುರುವಾಗುವ ಮುಂಚೆಯೇ ಮಾಡಿಸಿಕೊಳ್ಳಬೇಕು. ತಜ್ಞ ಶಸ್ತ್ರಚಿಕಿತ್ಸಕರನ್ನು ಕಾಲಕಾಲಕ್ಕೆ ಮಡಿಕೇರಿಗೆ ಕರೆಸಿ ಶಿಬಿರ ನಡೆಸಿದರೆ ಎಷ್ಟೋ ಜನರ ಕುತ್ತಿಗೆಯಿಂದ ಪೈಪು ಇಳಿಯುತ್ತದೆ.

ನೀರನ್ನೂ ಮರೆಯಬೇಡಿ. ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಮಳೆಗಾಲದಲ್ಲಿ ನಮ್ಮ ಹೊಳೆಗಳೆಲ್ಲ ಕೆಂಪಾಗಿ ಹರಿಯುವಾಗ ಆರ್‌ಒ ಘಟಕದ ಮೇಲೆ ಬೀಳುವ ಹೊರೆ ಹೆಚ್ಚು. ಒಬ್ಬ ರೋಗಿ ನಡುಗಿದರೆ ಪೈಪಿನ ಸೋಂಕನ್ನು ಶಂಕಿಸಬೇಕು. ಒಂದೇ ದಿನ ಹಲವರು ನಡುಗಿದರೆ ನೀರನ್ನೂ ಶಂಕಿಸಿ ಪರೀಕ್ಷೆಗೆ ಕಳುಹಿಸಬೇಕು. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಹೊರಬರುವ ದ್ರವ ಮೋಡದಂತೆ ಮಸುಕಾದರೆ ಅದೇ ಸೋಂಕಿನ ಮೊದಲ ಗುರುತು. ಆ ಚೀಲವನ್ನು ಚೆಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಅವರಿಗೆ ಆಂಟಿಬಯೋಟಿಕ್ ಅನ್ನು ಹೊಟ್ಟೆಗೆ ಹಾಕುವ ದ್ರವದಲ್ಲೇ ಬೆರೆಸಿ ಕೊಡುತ್ತಾರೆ.

ಮನೆಯವರೇ, ಜ್ವರ ಬಂದರೆ ಮಾತ್ರ ಸೋಂಕು ಎಂದುಕೊಳ್ಳಬೇಡಿ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಜ್ವರವಿಲ್ಲದೆಯೂ ನಂಜು ರಕ್ತಕ್ಕೆ ಏರುತ್ತದೆ. ಮಂಕು ಕವಿಯುವುದು, ಬಿಪಿ ಕುಸಿಯುವುದು, ಊಟ ಬೇಡವೆನ್ನುವುದು, ಪೈಪಿನ ಬುಡ ಕೆಂಪಾಗಿ ಕೀವು ಕಾಣುವುದು, ಹೊಸದಾಗಿ ಬೆನ್ನುನೋವು ಬರುವುದು, ಇವೆಲ್ಲವನ್ನೂ ಘಟಕಕ್ಕೆ ತಿಳಿಸಿ. ಫಿಸ್ಟುಲಾ ಇರುವ ಕೈಯನ್ನು ಡಯಾಲಿಸಿಸ್‌ಗೆ ಮುಂಚೆ ಸೋಪಿನಿಂದ ತೊಳೆಯಿರಿ. ಪೈಪಿನ ಪಟ್ಟಿ ಒದ್ದೆಯಾಗಲು ಬಿಡಬೇಡಿ. ತಿಂಗಳುಗಟ್ಟಲೆ ಬಟ್ಟೆ ಒಣಗದ ನಮ್ಮ ಊರಿನಲ್ಲಿ ಇದು ಎಷ್ಟು ಕಷ್ಟವೆಂದು ಬಲ್ಲೆ, ಒದ್ದೆಯಾದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ಅಂದೇ ಬದಲಾಯಿಸಿಕೊಂಡು ಬನ್ನಿ. ಇಂಜೆಕ್ಷನ್ ಕೊಡಲು ಬಂದವರನ್ನು ಕೇಳಿ: ಕಲ್ಚರ್‌ಗೆ ರಕ್ತ ತೆಗೆದಿರಾ? ಹಾಗೆ ಕೇಳುವುದು ಅಧಿಕಪ್ರಸಂಗವಲ್ಲ.

ಮಾನ್ಯರೇ, ನಿಮ್ಮಿಂದ ನಾನು ನಿರೀಕ್ಷಿಸುವುದು ಲಿಖಿತ ಆದೇಶ. ಬಾಟಲಿಗಳ ಸರಬರಾಜು ಯಾರ ಹೊಣೆ, ಮಡಿಕೇರಿಗೆ ಒಯ್ಯುವುದು ಯಾರ ಹೊಣೆ, ವರದಿಯನ್ನು ಘಟಕಕ್ಕೆ ತಿಳಿಸುವುದು ಯಾರ ಹೊಣೆ ಎಂದು ಹುದ್ದೆಯ ಹೆಸರು ಸಮೇತ ಅದರಲ್ಲಿರಲಿ. ವ್ಯಾಂಕೊಮೈಸಿನ್ ಮತ್ತು ಸೆಫಾಜೋಲಿನ್ ಘಟಕದಲ್ಲೇ ದಾಸ್ತಾನು ಇರಲಿ. ಟೆಕ್ನಿಷಿಯನ್‌ಗಳಿಗೂ ಶುಶ್ರೂಷಕಿಯರಿಗೂ ಮೇ ತಿಂಗಳಲ್ಲಿ ಒಂದು ದಿನದ ತರಬೇತಿ ಏರ್ಪಡಿಸಿ. ಕಲಿಸಲು ನಾನೂ ಬರುತ್ತೇನೆ, ಭತ್ಯೆ ಬೇಡ. ಆದೇಶದ ಪ್ರತಿಯನ್ನು ಪ್ರತಿ ಘಟಕದ ಗೋಡೆಯ ಮೇಲೆ ರೋಗಿಗಳಿಗೆ ಕಾಣುವಂತೆ ಅಂಟಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ, ಸೋಮವಾರಪೇಟೆ ತಾಲ್ಲೂಕು, ಕೊಡಗು